ಗೇ (ಇಂಗ್ಲಿಷ್ ಪದ)

ಗೇ ಎಂಬುದು ಇಂಗ್ಲಿಷ್ ಭಾಷೆಯ ಒಂದು ಗುಣವಾಚಕ ಪದ. ಮಧ್ಯಯುಗದಲ್ಲಿ ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ 'ಉಲ್ಲಾಸದಿಂದ ಕೂಡಿದ', 'ಗೆಲುವಾದ', 'ಚಿಂತೆಯಿಲ್ಲದ' ಎಂದು. ಬಟ್ಟೆ, ಹೂವು, ಅಲಂಕಾರ ಮೊದಲಾದವುಗಳ ವಿಷಯದಲ್ಲಿ 'ಕಣ್ಸೆಳೆಯುವ', 'ಬಣ್ಣಬಣ್ಣದ' ಎಂಬ ಅರ್ಥದಲ್ಲಿಯೂ ಇದು ಬಳಕೆಯಾಗುತ್ತಿತ್ತು. ಶತಮಾನಗಳ ಕಾಲ ಇಂಗ್ಲಿಷ್ ಕಾವ್ಯದ ಸಾಮಾನ್ಯ ಪದಗಳಲ್ಲಿ ಒಂದಾಗಿದ್ದ ಇದಕ್ಕೆ 20ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ಅರ್ಥವೇ ಮುಖ್ಯವಾಯಿತು. ಇಂದು ಇದರ ಪ್ರಧಾನ ಅರ್ಥ 'ತನ್ನದೇ ಲಿಂಗದವರ ಕಡೆಗೆ ಪ್ರೇಮ ಮತ್ತು ಆಕರ್ಷಣೆ ಉಳ್ಳ ವ್ಯಕ್ತಿ', ವಿಶೇಷವಾಗಿ ಅಂತಹ ಪುರುಷ.

ಪದಗಳ ಅರ್ಥ ಕಾಲಕ್ರಮದಲ್ಲಿ ಬದಲಾಗುವುದು ಎಲ್ಲ ಭಾಷೆಗಳಲ್ಲಿಯೂ ಕಂಡುಬರುವ ಸಂಗತಿ. ಆದರೆ ಗೇ ಪದದ ಚರಿತ್ರೆಯಲ್ಲಿ ಒಂದು ವಿಶೇಷವಿದೆ. ಇದರ ಕೊನೆಯ ಅರ್ಥಪಲ್ಲಟ ತಾನಾಗಿಯೇ ನಡೆದುದಷ್ಟೇ ಅಲ್ಲ. ಕಾನೂನು ಮತ್ತು ವೈದ್ಯಶಾಸ್ತ್ರ ತಮಗೆ ಕೊಟ್ಟಿದ್ದ ಹೆಸರುಗಳನ್ನು ಒಪ್ಪದ ಒಂದು ಸಮುದಾಯ ತನಗಾಗಿ ಈ ಪದವನ್ನು ಆರಿಸಿಕೊಂಡು ಬಳಕೆಗೆ ತಂದಿತು.

ಉಚ್ಚಾರಣೆ ಮತ್ತು ಸಂಬಂಧಿತ ಪದಗಳು

ಈ ಪದವನ್ನು ಕನ್ನಡ ಲಿಪಿಯಲ್ಲಿ 'ಗೇ' ಅಥವಾ 'ಗೇಯ್' ಎಂದು ಬರೆಯಲಾಗುತ್ತದೆ. ಕನ್ನಡದ 'ಗೆಯ್' (ಮಾಡು, ದುಡಿ) ಎಂಬ ಧಾತುವಿಗಾಗಲಿ, ಅದರಿಂದ ಬಂದ 'ಗೇಯ್ಮೆ' ಎಂಬ ಪದಕ್ಕಾಗಲಿ, ಹಾಡಲು ತಕ್ಕದ್ದು ಎಂಬ ಅರ್ಥದ ಸಂಸ್ಕೃತದ 'ಗೇಯ' ಪದಕ್ಕಾಗಲಿ ಇದರೊಡನೆ ಸಂಬಂಧವಿಲ್ಲ. ಧ್ವನಿಯ ಹೋಲಿಕೆ ಕೇವಲ ಆಕಸ್ಮಿಕ.

ಇದೇ ಮೂಲದಿಂದ ಬಂದ 'ಗೇಯಟಿ' ಎಂಬ ನಾಮಪದ 'ಉಲ್ಲಾಸ', 'ಸಂಭ್ರಮ' ಎಂಬ ಹಳೆಯ ಅರ್ಥವನ್ನೇ ಇಂದಿಗೂ ಉಳಿಸಿಕೊಂಡಿದೆ. 'ಗೇಲಿ' ಎಂಬ ಕ್ರಿಯಾವಿಶೇಷಣಕ್ಕೆ 'ಉಲ್ಲಾಸದಿಂದ' ಎಂದರ್ಥ. ಹಾಸ್ಯ ಮಾಡು ಎಂಬ ಅರ್ಥದ ಕನ್ನಡದ 'ಗೇಲಿ' ಬೇರೆಯೇ ಪದ. ಕೈಯಲ್ಲಿ ಹಿಡಿಯುವ ಸಣ್ಣ ಹೂಗುಚ್ಛಕ್ಕೆ ಇಂಗ್ಲಿಷಿನಲ್ಲಿರುವ 'ನೋಸ್‌ಗೇ' ಎಂಬ ಹೆಸರಿನಲ್ಲಿಯೂ ಇದೇ ಪದ ಸೇರಿದೆ. ಅಲ್ಲಿ 'ಗೇ' ಎಂದರೆ ಅಂದದ ವಸ್ತು. ಮೂಗಿಗೆ ಹಿತವಾದ ಅಂದದ ವಸ್ತು ಎಂಬುದು ಇಡೀ ಪದದ ಅರ್ಥ.

ವ್ಯುತ್ಪತ್ತಿ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ, ನ್ಯಾಯಾಲಯ ಮತ್ತು ಉನ್ನತ ವರ್ಗಗಳಲ್ಲಿ ಫ್ರೆಂಚ್ ಭಾಷೆ ನೆಲೆಯೂರಿತು. ಮುಂದಿನ ಕೆಲವು ಶತಮಾನಗಳಲ್ಲಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಸೇರಿದವು. ಹೀಗೆ ಬಂದವುಗಳಲ್ಲಿ ಹಳೆಯ ಫ್ರೆಂಚಿನ 'ಗೈ' ಎಂಬ ಪದವೂ ಒಂದು. ಆ ಭಾಷೆಯಲ್ಲಿ ಅದಕ್ಕೆ ಸಂತೋಷಭರಿತ, ಮನೋಹರ, ತಿಳಿಬಣ್ಣದ ಎಂಬ ಅರ್ಥಗಳಿದ್ದವು. ಇಟಾಲಿಯನ್ನಿನ 'ಗಾಯೊ', ಪೋರ್ಚುಗೀಸಿನ 'ಗಾಯು' ಇದರ ಸೋದರ ಪದಗಳು.

ಫ್ರೆಂಚಿಗೆ ಈ ಪದ ಎಲ್ಲಿಂದ ಬಂತು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜರ್ಮಾನಿಕ್ ಭಾಷಾವರ್ಗದ ಯಾವುದೋ ಪದದಿಂದ ಬಂದಿರಬೇಕು ಎಂಬುದು ಹೆಚ್ಚು ಪ್ರಚಲಿತವಾದ ಅಭಿಪ್ರಾಯ.

ದಕ್ಷಿಣ ಫ್ರಾನ್ಸಿನ ಆಕ್ಸಿಟನ್ ಭಾಷೆಯಲ್ಲಿ ಈ ಪದಕ್ಕೆ ಗೌರವದ ಸ್ಥಾನವಿತ್ತು. ಅಲ್ಲಿನ ಟ್ರೂಬಡೂರ್ ಕವಿಗಳ ಪರಂಪರೆಯಲ್ಲಿ ಕಾವ್ಯಕಲೆಗೆ 'ಗೈ ಸಾಬೇರ್', ಅಂದರೆ 'ಉಲ್ಲಾಸದ ವಿದ್ಯೆ' ಎಂಬ ಹೆಸರು ಬಂತು. ಆ ಪರಂಪರೆಯನ್ನು ಉಳಿಸುವ ಉದ್ದೇಶದಿಂದ 1323ರಲ್ಲಿ ತುಲೂಸ್ ನಗರದಲ್ಲಿ ಇದೇ ಹೆಸರಿನ ಕಾವ್ಯಮಂಡಳಿಯೊಂದು ಸ್ಥಾಪನೆಯಾಯಿತು. ಜರ್ಮನ್ ತತ್ವಜ್ಞಾನಿ ಫ್ರೆಡ್ರಿಕ್ ನೀಚೆ 1882ರಲ್ಲಿ ಪ್ರಕಟಿಸಿದ ಕೃತಿಯೊಂದರ ಹೆಸರಿಗೂ ಇದೇ ಪರಂಪರೆ ಪ್ರೇರಣೆ. ಇಂಗ್ಲಿಷಿನಲ್ಲಿ ಆ ಕೃತಿ 'ದಿ ಗೇ ಸೈನ್ಸ್' ಎಂದು ಪ್ರಸಿದ್ಧವಾಗಿದೆ. ಇಲ್ಲಿಯೂ 'ಗೇ' ಎಂದರೆ ಉಲ್ಲಾಸಭರಿತ ಎಂದೇ ಅರ್ಥ.

ಇಂಗ್ಲಿಷಿನಲ್ಲಿ ಆರಂಭದ ಬಳಕೆ

14ನೆಯ ಶತಮಾನದ ವೇಳೆಗೆ ಈ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಚೆನ್ನಾಗಿ ನೆಲೆಗೊಂಡಿತ್ತು. ಆ ಶತಮಾನದ ಕೊನೆಯಲ್ಲಿ ರಚಿತವಾದ ಜೆಫ್ರಿ ಚಾಸರ್‌ನ 'ಕ್ಯಾಂಟರ್ಬರಿ ಟೇಲ್ಸ್' ಕೃತಿಯ ಪೀಠಿಕೆಯಲ್ಲಿ ಬಿಲ್ಲುಗಾರನೊಬ್ಬನ ವರ್ಣನೆ ಬರುತ್ತದೆ. ಅವನ ತೋಳಿನ ಕಾಪು ಮತ್ತು ಸೊಂಟದ ಬಾಕು ಎರಡಕ್ಕೂ ಕವಿ ಬಳಸಿರುವ ವಿಶೇಷಣ 'ಗೇ'. ಆಯುಧಕ್ಕೆ ಉಲ್ಲಾಸ ಇರಲಾರದು. ಆದ್ದರಿಂದ ಅಲ್ಲಿ 'ಅಂದವಾಗಿ ಅಲಂಕರಿಸಿದ', 'ಥಳಥಳಿಸುವ' ಎಂಬ ಅರ್ಥವನ್ನೇ ಹಿಡಿಯಬೇಕು. ಮನಸ್ಸಿನ ಗೆಲುವು ಮತ್ತು ಕಣ್ಣಿಗೆ ಕಾಣುವ ಮೆರುಗು ಈ ಎರಡು ಅರ್ಥಗಳೂ ಆಗಿನಿಂದಲೇ ಜೊತೆಯಾಗಿ ಸಾಗಿಬಂದವು.

ವಿಲಿಯಂ ವರ್ಡ್ಸ್‌ವರ್ತ್ 1807ರಲ್ಲಿ ಪ್ರಕಟಿಸಿದ, ಡ್ಯಾಫೊಡಿಲ್ ಹೂಗಳನ್ನು ಕುರಿತ ಪದ್ಯ ಭಾರತದ ಅನೇಕ ಶಾಲೆಗಳ ಪಠ್ಯದಲ್ಲಿ ಸ್ಥಾನ ಪಡೆದಿದೆ. ಆ ಪದ್ಯದಲ್ಲಿಯೂ ಈ ಪದ ಬರುತ್ತದೆ. ಕೆರೆಯ ಅಂಚಿನಲ್ಲಿ ಅಲುಗಾಡುವ ಹೂಗಳ ಸಹವಾಸದಲ್ಲಿ ಕವಿಯ ಮನಸ್ಸು ಅರಳಿತು ಎಂಬುದಷ್ಟೇ ಅದರ ತಾತ್ಪರ್ಯ. ಕ್ರಿಸ್‌ಮಸ್ ಸಮಯದಲ್ಲಿ ಹಾಡುವ 'ಡೆಕ್ ದ ಹಾಲ್ಸ್' ಎಂಬ ಗೀತೆಯಲ್ಲಿ ಹಬ್ಬದ ಉಡುಪಿಗೆ ಇದೇ ವಿಶೇಷಣವಿದೆ. ಐರಿಷ್ ಕವಿ ಡಬ್ಲ್ಯು. ಬಿ. ಯೇಟ್ಸ್ ತನ್ನ ಕೊನೆಯ ವರ್ಷಗಳಲ್ಲಿ ಬರೆದ 'ಲಾಪಿಸ್ ಲಾಜುಲಿ' ಎಂಬ ಕವಿತೆಯಲ್ಲಿ, ದುರಂತವನ್ನು ಎದುರಿಸಿಯೂ ಕುಗ್ಗದ ಚೈತನ್ಯಕ್ಕೆ ಇದೇ ಪದವನ್ನು ಬಳಸಿದ್ದಾನೆ.

ಹೀನಾರ್ಥದ ಕಡೆಗೆ

ಚಿಂತೆಯಿಲ್ಲದವನು ಎಂಬ ಅರ್ಥದಿಂದ ಕಟ್ಟುಪಾಡಿಲ್ಲದವನು ಎಂಬ ಅರ್ಥಕ್ಕೆ ಬಹಳ ದೂರವಿಲ್ಲ. 17ನೆಯ ಶತಮಾನದಲ್ಲಿ ಈ ಪದ ಭೋಗಲಾಲಸೆಯನ್ನು, ನೀತಿಯ ಹಂಗಿಲ್ಲದ ಬದುಕನ್ನು ಸೂಚಿಸತೊಡಗಿತು. ನಿಕೊಲಸ್ ರೋ 1703ರಲ್ಲಿ ರಚಿಸಿದ 'ದ ಫೇರ್ ಪೆನಿಟೆಂಟ್' ನಾಟಕದಲ್ಲಿ ಹೆಣ್ಣುಗಳನ್ನು ಮರುಳುಗೊಳಿಸುವ ಲೊಥಾರಿಯೊ ಎಂಬ ಪಾತ್ರಕ್ಕೆ ಈ ವಿಶೇಷಣ ಅಂಟಿಕೊಂಡಿದೆ. ಆ ಪಾತ್ರದ ಹೆಸರು ಮುಂದೆ ಇಂಗ್ಲಿಷಿನಲ್ಲಿ ಸ್ತ್ರೀಲೋಲನಿಗೆ ಪರ್ಯಾಯವಾಯಿತು. ಹೀಗೆ ಆ ಕಾಲದಲ್ಲಿ 'ಗೇ' ಪುರುಷ ಎಂದರೆ ಹಲವು ಹೆಂಗಸರ ಹಿಂದೆ ಹೋಗುವವನು ಎಂದಾಗಿತ್ತು.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಅರ್ಥ ಹೆಂಗಸರ ವಿಷಯದಲ್ಲಿ ಇನ್ನಷ್ಟು ಕಠಿಣವಾಯಿತು. 'ಗೇ' ಹೆಂಗಸು ಎಂದರೆ ವೇಶ್ಯೆ, 'ಗೇ' ಮನೆ ಎಂದರೆ ವೇಶ್ಯಾಗೃಹ. ಲಂಡನ್ನಿನ ಹಾಸ್ಯಪತ್ರಿಕೆ 'ಪಂಚ್' 1857ರಲ್ಲಿ ಜಾನ್ ಲೀಚ್ ಬರೆದ ವ್ಯಂಗ್ಯಚಿತ್ರವೊಂದನ್ನು ಪ್ರಕಟಿಸಿತು. ರಾತ್ರಿಯ ಬೀದಿಯಲ್ಲಿ ಇಬ್ಬರು ಹೆಂಗಸರು ಭೇಟಿಯಾಗುತ್ತಾರೆ. ನೀನು 'ಗೇ' ಆಗಿ ಎಷ್ಟು ಕಾಲವಾಯಿತು ಎಂದು ಒಬ್ಬಳು ಇನ್ನೊಬ್ಬಳನ್ನು ಕೇಳುತ್ತಾಳೆ. ಇಬ್ಬರ ಮುಖದಲ್ಲಿಯೂ ಉಲ್ಲಾಸದ ಸುಳಿವಿಲ್ಲ. ಪದದ ಎರಡು ಅರ್ಥಗಳ ನಡುವಿನ ಕ್ರೂರ ಅಂತರವೇ ಆ ಚಿತ್ರದ ತಿರುಳು.

ಈ ಎಲ್ಲ ಕಾಲದಲ್ಲಿಯೂ ಪದದ ಮೂಲಾರ್ಥ ಮರೆಯಾಗಿರಲಿಲ್ಲ. ಸಂದರ್ಭವನ್ನು ನೋಡಿ ಅರ್ಥವನ್ನು ತಿಳಿಯುವುದು ಓದುಗರಿಗೆ ರೂಢಿಯಾಗಿತ್ತು. ಅಮೆರಿಕದಲ್ಲಿ 1890ರ ದಶಕವನ್ನು ನೆನೆಯುವಾಗ ಅದನ್ನು 'ಗೇ' ತೊಂಬತ್ತರ ದಶಕ ಎಂದು ಕರೆಯುವುದು ವಾಡಿಕೆಯಾಯಿತು. ಸುಖವೈಭವದ ಕಾಲ ಎಂಬುದಷ್ಟೇ ಅಲ್ಲಿನ ಭಾವ.

ಹೊಸ ಅರ್ಥದ ಹುಟ್ಟು

ಸಲಿಂಗ ಪ್ರೇಮವನ್ನು ಸೂಚಿಸುವ ಅರ್ಥ ಈ ಪದಕ್ಕೆ ಬಂದುದು ಒಂದು ನಿರ್ದಿಷ್ಟ ದಿನದಂದು ಅಲ್ಲ. ವಿವಾಹ ಮತ್ತು ಸಂಸಾರದ ಚೌಕಟ್ಟಿನ ಹೊರಗೆ ಬದುಕುವವರು ಎಂಬ ಹಳೆಯ ಛಾಯೆಯಿಂದ ಇದು ಮೆಲ್ಲಗೆ ಬೆಳೆದಿರಬೇಕೆಂದು ಭಾಷಾ ವಿದ್ವಾಂಸರು ಭಾವಿಸುತ್ತಾರೆ. ಆರಂಭದಲ್ಲಿ ಇದು ಗುಟ್ಟಿನ ಮಾತಾಗಿತ್ತು. ಸಲಿಂಗ ಸಂಬಂಧವು ಶಿಕ್ಷಾರ್ಹ ಅಪರಾಧವಾಗಿದ್ದ ಕಾಲದಲ್ಲಿ, ಹೊರಗಿನವರ ಕಿವಿಗೆ ಸಂತೋಷ ಎಂದು ಕೇಳಿಸುವ ಮತ್ತು ತಿಳಿದವರಿಗೆ ಬೇರೆ ಅರ್ಥವನ್ನು ಹೊಳೆಯಿಸುವ ಪದ ಬಹಳ ಉಪಯುಕ್ತವಾಗಿತ್ತು. ಕೇಳಿದವನು ಅರ್ಥ ಮಾಡಿಕೊಂಡರೆ ಅವನು ತನ್ನವನು. ಮಾಡಿಕೊಳ್ಳದಿದ್ದರೆ ಹೇಳಿದವನಿಗೆ ಅಪಾಯವಿಲ್ಲ.

ಈ ದ್ವಂದ್ವಾರ್ಥಕ್ಕೆ ಸಾಹಿತ್ಯದಲ್ಲಿ ಆಗಾಗ ಉದಾಹರಿಸುವ ಕೃತಿ ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಅವರ 'ಮಿಸ್ ಫರ್ ಆ್ಯಂಡ್ ಮಿಸ್ ಸ್ಕೀನ್' ಎಂಬ ಕಥೆ. 1922ರಲ್ಲಿ ಪ್ರಕಟವಾದ ಈ ಕಥೆಯಲ್ಲಿ ಜೊತೆಯಾಗಿ ಬಾಳುವ ಇಬ್ಬರು ಹೆಂಗಸರ ಬದುಕು ಚಿತ್ರಿತವಾಗಿದ್ದು, 'ಗೇ' ಪದ ನೂರಕ್ಕೂ ಹೆಚ್ಚು ಬಾರಿ ಮರುಕಳಿಸುತ್ತದೆ. 1938ರ ಹಾಲಿವುಡ್ ಚಲನಚಿತ್ರ 'ಬ್ರಿಂಗಿಂಗ್ ಅಪ್ ಬೇಬಿ'ಯಲ್ಲಿ ನಟ ಕ್ಯಾರಿ ಗ್ರಾಂಟ್ ಹೆಂಗಸರ ನಿಲುವಂಗಿಯನ್ನು ತೊಟ್ಟು ನಿಂತಿರುವಾಗ ತನ್ನ ವೇಷಕ್ಕೆ ವಿವರಣೆಯಾಗಿ ಈ ಪದವನ್ನು ಆಡುತ್ತಾನೆ. ಆ ಮಾತಿನಲ್ಲಿ ಯಾವ ಅರ್ಥ ಉದ್ದೇಶಿತವಾಗಿತ್ತು ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಕೇವಲ ನಾಲ್ಕು ವರ್ಷಗಳ ಮೊದಲು, 1934ರಲ್ಲಿ, 'ದ ಗೇ ಡಿವೋರ್ಸಿ' ಎಂಬ ಹೆಸರಿನ ಸಂಗೀತ ಚಿತ್ರವೊಂದು ತೆರೆಕಂಡಿತ್ತು. ಅಲ್ಲಿ ಪದಕ್ಕೆ ಇದ್ದುದು ಹಳೆಯ ಅರ್ಥವೇ.

ಹೆಸರಿಡುವ ಅಧಿಕಾರದ ಪ್ರಶ್ನೆ

ಇಂಗ್ಲಿಷಿನಲ್ಲಿ ಸಲಿಂಗ ಪ್ರೇಮಿಗಳನ್ನು ಕುರಿತು ಅದಕ್ಕೂ ಮೊದಲು ಇದ್ದ ಪದಗಳು ಬಹುಮಟ್ಟಿಗೆ ಧರ್ಮ, ಕಾನೂನು ಮತ್ತು ವೈದ್ಯಶಾಸ್ತ್ರಗಳಿಂದ ಬಂದವು. ಧರ್ಮದ ಭಾಷೆಯಲ್ಲಿ ಅದು ಪಾಪ, ಕಾನೂನಿನ ಭಾಷೆಯಲ್ಲಿ ಅಪರಾಧ, ವೈದ್ಯರ ಭಾಷೆಯಲ್ಲಿ ರೋಗ. 'ಹೋಮೋಸೆಕ್ಷುಯಲ್' ಎಂಬ ಪದವನ್ನು ಸೃಷ್ಟಿಸಿದವನು ಕಾರ್ಲ್ ಮರಿಯಾ ಕೆರ್ಟ್‌ಬೆನಿ ಎಂಬ ಲೇಖಕ. 1868ರ ಪತ್ರವೊಂದರಲ್ಲಿ ಅವನು ಬಳಸಿದ ಈ ಪದ, 1869ರಲ್ಲಿ ಜರ್ಮನ್ ಭಾಷೆಯ ಕಿರುಹೊತ್ತಗೆಗಳಲ್ಲಿ ಮುದ್ರಣಗೊಂಡಿತು. ಪ್ರಷ್ಯಾದ ದಂಡಸಂಹಿತೆ ಇಂತಹ ಸಂಬಂಧಗಳನ್ನು ಶಿಕ್ಷಿಸಬಾರದು ಎಂದು ವಾದಿಸುವುದು ಆ ಹೊತ್ತಗೆಗಳ ಉದ್ದೇಶವಾಗಿತ್ತು. ಆದರೆ 1886ರಲ್ಲಿ ಪ್ರಕಟವಾದ ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್‌ನ ಮನೋರೋಗ ಗ್ರಂಥದಂತಹ ಕೃತಿಗಳ ಮೂಲಕ ಆ ಪದ ವೈದ್ಯಶಾಸ್ತ್ರವನ್ನು ಸೇರಿತು. ಬಿಡುಗಡೆಗಾಗಿ ಹುಟ್ಟಿದ ಪದ ಹೀಗೆ ರೋಗದ ಹೆಸರಾಗಿ ಪರಿಣಮಿಸಿತು. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಪ್ರಕಟಿಸಿದ ಮನೋರೋಗಗಳ ಅಧಿಕೃತ ಪಟ್ಟಿಯಲ್ಲಿ ಸಲಿಂಗ ಆಕರ್ಷಣೆಯೂ ಸೇರಿತ್ತು.

ರೋಗದ ಹೆಸರನ್ನು ಹೊತ್ತು ಹಕ್ಕು ಕೇಳುವುದು ಕಷ್ಟವೆಂದು ಅರಿತ ಅಮೆರಿಕದ ಹೋರಾಟಗಾರರು 1950ರ ದಶಕದಲ್ಲಿ 'ಹೋಮೋಫೈಲ್' ಎಂಬ ಸೌಮ್ಯ ಪದವನ್ನು ಬಳಸಿದರು. 1960ರ ದಶಕದಲ್ಲಿ 'ಗೇ' ಪದ ಮುಂದೆ ಬಂತು. ಸರ್ಕಾರಿ ನಕಾಶೆ ಇಲಾಖೆಯಿಂದ 1957ರಲ್ಲಿ ವಜಾಗೊಂಡಿದ್ದ ಖಗೋಳವಿಜ್ಞಾನಿ ಫ್ರ್ಯಾಂಕ್ ಕಾಮೆನಿ, 'ಗೇ' ಆಗಿರುವುದು ಒಳ್ಳೆಯದೇ ಎಂಬ ಮೂರು ಪದಗಳ ಘೋಷಣೆಯನ್ನು 1968ರಲ್ಲಿ ರೂಪಿಸಿದರು. 1969ರ ಜೂನ್ 28ರ ಬೆಳಗಿನ ಜಾವ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್ ಎಂಬ ಮದ್ಯದಂಗಡಿಯ ಮೇಲೆ ಪೊಲೀಸರು ದಾಳಿ ನಡೆಸಿದಾಗ ಅಲ್ಲಿದ್ದವರು ಪ್ರತಿಭಟಿಸಿದರು. ಗಲಭೆ ಹಲವು ದಿನ ಮುಂದುವರಿಯಿತು. ಅದರ ಬೆನ್ನಲ್ಲೇ ಹುಟ್ಟಿದ ಸಂಘಟನೆ 'ಗೇ ಲಿಬರೇಶನ್ ಫ್ರಂಟ್' ತನ್ನ ಹೆಸರಿನಲ್ಲಿಯೇ ಈ ಪದವನ್ನು ಇಟ್ಟುಕೊಂಡಿತು. ಗುಟ್ಟಿನ ಮಾತು ಬೀದಿಯ ಘೋಷಣೆಯಾಯಿತು.

1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಲು ತೀರ್ಮಾನಿಸಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಇದೇ ದಾರಿಯನ್ನು ಹಿಡಿಯಿತು. ಪತ್ರಿಕೆಗಳು ಹೊಸ ಪದವನ್ನು ಒಪ್ಪಲು ಕಾಲ ಹಿಡಿಯಿತು. 'ದ ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ತನ್ನ ವರದಿಗಳಲ್ಲಿ 'ಗೇ' ಪದವನ್ನು ವಿಶೇಷಣವಾಗಿ ಬಳಸಲು ಅನುಮತಿ ನೀಡಿದುದು 1987ರಲ್ಲಿ.

ಅರ್ಥಪಲ್ಲಟದ ದೃಷ್ಟಿಯಿಂದ

ಪದಗಳ ಅರ್ಥ ಬದಲಾಗುವ ಬಗೆಗಳನ್ನು ಭಾಷಾವಿಜ್ಞಾನಿಗಳು ಅರ್ಥವಿಕಾಸ, ಅರ್ಥಸಂಕೋಚ, ಹೀನಾರ್ಥಪ್ರಾಪ್ತಿ, ಉತ್ತಮಾರ್ಥಪ್ರಾಪ್ತಿ ಮುಂತಾಗಿ ವಿಂಗಡಿಸುತ್ತಾರೆ. ಹಳಗನ್ನಡದಲ್ಲಿ ಸುವಾಸನೆಗೂ ಸಲ್ಲುತ್ತಿದ್ದ 'ನಾತ' ಇಂದು ದುರ್ವಾಸನೆಗೆ ಮಾತ್ರ ಸಲ್ಲುವುದು ಹೀನಾರ್ಥಪ್ರಾಪ್ತಿಗೆ ಉದಾಹರಣೆ. ಇಂಗ್ಲಿಷಿನಲ್ಲಿ ಹಿಂದೆ 'ಧನ್ಯ' ಎಂಬ ಅರ್ಥವಿದ್ದ 'ಸಿಲ್ಲಿ' ಪದ ಇಂದು 'ಪೆದ್ದ' ಎಂಬ ಅರ್ಥಕ್ಕೆ ಇಳಿದಿದೆ. 'ಅಜ್ಞಾನಿ' ಎಂಬ ಅರ್ಥದಲ್ಲಿ ಬಂದ 'ನೈಸ್' ಪದ 'ಒಳ್ಳೆಯ' ಎಂಬ ಅರ್ಥಕ್ಕೆ ಏರಿದೆ.

'ಗೇ' ಪದದಲ್ಲಿ ಈ ಬಗೆಗಳಲ್ಲಿ ಹಲವು ಒಂದರ ಮೇಲೊಂದು ನಡೆದಿವೆ. ಉಲ್ಲಾಸದಿಂದ ಸ್ವೇಚ್ಛೆಗೆ, ಸ್ವೇಚ್ಛೆಯಿಂದ ವೇಶ್ಯಾವೃತ್ತಿಗೆ ಇಳಿದುದು ಹೀನಾರ್ಥಪ್ರಾಪ್ತಿ. ವಿಶಾಲವಾದ ಅರ್ಥವನ್ನು ಬಿಟ್ಟು ಒಂದು ಸಮುದಾಯಕ್ಕೆ ಸೀಮಿತವಾದುದು ಅರ್ಥಸಂಕೋಚ. ಅಂಜಿಕೆಯ ಗುಟ್ಟಿನ ಮಾತು ಆತ್ಮಗೌರವದ ಹೆಸರಾದುದು ಉತ್ತಮಾರ್ಥಪ್ರಾಪ್ತಿ. ಪದವೊಂದಕ್ಕೆ ಎರಡು ಅರ್ಥಗಳಿದ್ದು, ಅವುಗಳಲ್ಲಿ ಒಂದನ್ನು ಸಮಾಜ ಸೂಕ್ಷ್ಮವೆಂದು ಭಾವಿಸಿದಾಗ, ಇನ್ನೊಂದು ಅರ್ಥದಲ್ಲಿ ಅದನ್ನು ಬಳಸಲು ಜನ ಹಿಂಜರಿಯುತ್ತಾರೆ. ಹಳೆಯ ಅರ್ಥ ಬಳಕೆಯಿಂದ ಬೇಗನೆ ಹಿಂದೆ ಸರಿಯಲು ಇದೂ ಒಂದು ಕಾರಣ.

ಫ್ರೆಂಚಿನಲ್ಲಿ ಮೂಲಪದ ಇಂದಿಗೂ ಉಲ್ಲಾಸದ ಅರ್ಥದಲ್ಲಿಯೇ ಬಳಕೆಯಲ್ಲಿದೆ. ಹೊಸ ಅರ್ಥಕ್ಕಾಗಿ ಫ್ರೆಂಚರು ಇಂಗ್ಲಿಷಿನಿಂದ ಅದೇ ಪದವನ್ನು ಬೇರೆ ಕಾಗುಣಿತದೊಡನೆ ಎರವಲು ಪಡೆದಿದ್ದಾರೆ. ಶತಮಾನಗಳ ಹಿಂದೆ ಕೊಟ್ಟ ಪದ ಹೀಗೆ ಹೊಸ ಅರ್ಥ ಹೊತ್ತು ಮೂಲಭಾಷೆಗೆ ಮರಳಿದೆ.

ತಪ್ಪು ವ್ಯುತ್ಪತ್ತಿ

'ಗೇ' ಎಂಬುದು 'ಗುಡ್ ಆ್ಯಸ್ ಯು' (ನಿಮ್ಮಷ್ಟೇ ಒಳ್ಳೆಯವರು) ಎಂಬ ಮೂರು ಪದಗಳ ಮೊದಲ ಅಕ್ಷರಗಳಿಂದ ಆದುದು ಎಂಬ ಹೇಳಿಕೆ ವ್ಯಾಪಕವಾಗಿ ಹರಡಿದೆ. ಇದು ನಿಜವಾದ ವ್ಯುತ್ಪತ್ತಿಯಲ್ಲ. ಪದ ಮಧ್ಯಯುಗದಿಂದಲೇ ಇತ್ತು. ಈ ವಿಸ್ತರಣೆಯನ್ನು ಆಮೇಲೆ ಹೊಂದಿಸಲಾಯಿತು. ಆದರೂ ಈ ಚಮತ್ಕಾರಕ್ಕೆ ತನ್ನದೇ ಬದುಕು ಇದೆ. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಪರಸ್ಪರ ಬೆಂಬಲದ ಗುಂಪೊಂದು 'ಗುಡ್ ಆ್ಯಸ್ ಯು' ಎಂಬ ಹೆಸರನ್ನೇ ಇಟ್ಟುಕೊಂಡಿತು.

ಬೈಗುಳವಾಗಿ ಬಳಕೆ

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲಿಷ್ ಮಾತನಾಡುವ ದೇಶಗಳ ಶಾಲಾಮಕ್ಕಳಲ್ಲಿ ಈ ಪದ 'ಕೆಲಸಕ್ಕೆ ಬಾರದ', 'ಪೆದ್ದುತನದ' ಎಂಬ ಅರ್ಥದಲ್ಲಿ ಬಳಕೆಗೆ ಬಂತು. ತನಗೆ ಹಿಡಿಸದ ಪಾಠ, ಆಟ, ಬಟ್ಟೆ ಯಾವುದನ್ನೇ ಆಗಲಿ ಹೀಗೆ ಕರೆಯುವುದುಂಟು. ಆಡುವವರಿಗೆ ಯಾರನ್ನೂ ನೋಯಿಸುವ ಉದ್ದೇಶ ಇಲ್ಲದಿರಬಹುದು. ಆದರೆ ಅದೇ ತರಗತಿಯಲ್ಲಿ ಕುಳಿತು ತನ್ನ ಗುರುತನ್ನು ಯಾರಿಗೂ ಹೇಳಿಕೊಳ್ಳಲಾಗದ ವಿದ್ಯಾರ್ಥಿಗೆ, ತನ್ನನ್ನು ಸೂಚಿಸುವ ಏಕೈಕ ಗೌರವದ ಪದ ನಿಕೃಷ್ಟವಾದುದರ ಹೆಸರಾಗಿ ದಿನವೂ ಕೇಳಿಬರುತ್ತದೆ. ಈ ಬಗೆಯ ಬಳಕೆಯನ್ನು ತಡೆಯಲು 2008ರಲ್ಲಿ ಅಮೆರಿಕದಲ್ಲಿ 'ಮಾತನಾಡುವ ಮುನ್ನ ಯೋಚಿಸಿ' ಎಂಬ ಆಶಯದ ಜಾಹೀರಾತು ಅಭಿಯಾನವೊಂದು ನಡೆಯಿತು.

ಹಳೆಯ ಅರ್ಥ ಉಳಿದಿರುವ ಕಡೆಗಳು

ಹೆಸರುಗಳಲ್ಲಿ ಹಳೆಯ ಅರ್ಥದ ಕುರುಹುಗಳು ಉಳಿದಿವೆ. ಶಿಮ್ಲಾದಲ್ಲಿ 1887ರಲ್ಲಿ ಆರಂಭವಾದ ರಂಗಮಂದಿರದ ಹೆಸರು 'ಗೇಯಟಿ'. ಸಂತೋಷದ ಮಗು ಎಂಬ ಆಶಯದಿಂದ ಹಿಂದೆ ಹೆಣ್ಣುಮಕ್ಕಳಿಗೆ 'ಗೇ' ಎಂಬ ಹೆಸರನ್ನು ಇಡುತ್ತಿದ್ದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬನ್ನು ಹಾಕಿದ ಅಮೆರಿಕದ ವಿಮಾನದ ಹೆಸರು 'ಎನೋಲಾ ಗೇ'. ಅದು ವಿಮಾನಚಾಲಕ ಪಾಲ್ ಟಿಬೆಟ್ಸ್‌ನ ತಾಯಿಯ ಹೆಸರು. 1728ರಲ್ಲಿ 'ದ ಬೆಗರ್ಸ್ ಆಪೆರಾ' ಎಂಬ ಪ್ರಸಿದ್ಧ ನಾಟಕವನ್ನು ಬರೆದ ಜಾನ್ ಗೇ ಮೊದಲಾದವರಲ್ಲಿ ಇದು ಕುಲನಾಮವಾಗಿಯೂ ಕಂಡುಬರುತ್ತದೆ.

ಭಾರತದಲ್ಲಿ ಮತ್ತು ಕನ್ನಡದಲ್ಲಿ

ಬ್ರಿಟಿಷರ ಕಾಲದಲ್ಲಿ ರಚಿತವಾದ 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು, 'ಪ್ರಕೃತಿಯ ಕ್ರಮಕ್ಕೆ ವಿರುದ್ಧ'ವಾದ ಲೈಂಗಿಕ ಸಂಪರ್ಕವನ್ನು ಅಪರಾಧವೆಂದು ಸಾರಿತ್ತು. ಇದರಿಂದಾಗಿ ಭಾರತದಲ್ಲಿ ಈ ವಿಷಯ ಬಹುಕಾಲ ನ್ಯಾಯಾಲಯ ಮತ್ತು ಪೊಲೀಸು ಠಾಣೆಗಳ ಭಾಷೆಯಲ್ಲಿಯೇ ಚರ್ಚೆಗೆ ಬರುತ್ತಿತ್ತು. ಬೇರೆ ಬಗೆಯಲ್ಲಿ ಬರೆದ ಮೊದಲಿಗರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಗಣಿತಪ್ರತಿಭೆ ಶಕುಂತಲಾ ದೇವಿ ಒಬ್ಬರು. 1977ರಲ್ಲಿ ಪ್ರಕಟವಾದ 'ದ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್' ಎಂಬ ಅವರ ಇಂಗ್ಲಿಷ್ ಕೃತಿ ಈ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಿದ ಭಾರತದ ಆರಂಭಿಕ ಅಧ್ಯಯನಗಳಲ್ಲಿ ಒಂದು.

ದೆಹಲಿ ಉಚ್ಚ ನ್ಯಾಯಾಲಯ 2009ರ ಜುಲೈ 2ರಂದು, ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ಹೊಂದುವ ಸಂಬಂಧಕ್ಕೆ 377ನೆಯ ಕಲಮು ಅನ್ವಯಿಸದು ಎಂದು ತೀರ್ಪಿತ್ತಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ರದ್ದುಗೊಳಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇಂತಹ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ.

ಕನ್ನಡದಲ್ಲಿ 'ಗೇ' ಪದ ಇಂಗ್ಲಿಷಿನಿಂದ ಎರವಲು ಬಂದಿದ್ದು, ಹೊಸ ಅರ್ಥದಲ್ಲಿ ಮಾತ್ರ ಬಳಕೆಯಲ್ಲಿದೆ. ಉಲ್ಲಾಸದ ಅರ್ಥಕ್ಕೆ ಕನ್ನಡದಲ್ಲಿ ಹಿಗ್ಗು, ನಲಿವು, ಲವಲವಿಕೆ, ಗೆಲುವು ಮೊದಲಾದ ಪದಗಳು ಇರುವುದರಿಂದ ಎರವಲಿನ ಅಗತ್ಯ ಬೀಳಲಿಲ್ಲ. ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ಪದ 'ಸಲಿಂಗಕಾಮಿ'. ಇದು ಸಂಸ್ಕೃತದ ಧಾತುಗಳಿಂದ ರಚಿತವಾದ ಸಮಾಸ. ಇದರಲ್ಲಿ 'ಕಾಮ' ಎಂಬ ಅಂಶವೇ ಎದ್ದು ಕಾಣುವುದರಿಂದ ವ್ಯಕ್ತಿಯ ಪ್ರೀತಿ, ಒಡನಾಟ, ಸಂಸಾರದ ಬಯಕೆ ಮರೆಯಾಗುತ್ತವೆ ಎಂಬ ಆಕ್ಷೇಪವಿದೆ. ಗಂಡುಹೆಣ್ಣಿನ ದಾಂಪತ್ಯವನ್ನು ಕುರಿತು ಬರೆಯುವಾಗ ಯಾರೂ ಅವರನ್ನು 'ಕಾಮಿ'ಗಳೆಂದು ಕರೆಯುವುದಿಲ್ಲ ಎಂಬುದು ಈ ಆಕ್ಷೇಪದ ಹಿಂದಿನ ತರ್ಕ. ಆದ್ದರಿಂದ 'ಸಲಿಂಗಿ', 'ಸಲಿಂಗಪ್ರೇಮಿ' ಎಂಬ ಪದಗಳನ್ನು ಕೆಲವರು ಬಳಸುತ್ತಾರೆ. ಇಂಗ್ಲಿಷಿನಲ್ಲಿ ವೈದ್ಯಶಾಸ್ತ್ರದ ಪದಕ್ಕೂ ಸಮುದಾಯದ ಪದಕ್ಕೂ ನಡುವೆ ನಡೆದ ಚರ್ಚೆಯನ್ನೇ ಇದು ಹೋಲುತ್ತದೆ.

ಕನ್ನಡ ಸಾಹಿತ್ಯದಲ್ಲಿ ಈ ಬದುಕನ್ನು ಒಳಗಿನಿಂದ ಚಿತ್ರಿಸಿದ ಮುಖ್ಯ ಕೃತಿ ವಸುಧೇಂದ್ರ ಅವರ 'ಮೋಹನಸ್ವಾಮಿ'. 2013ರಲ್ಲಿ ಪ್ರಕಟವಾದ ಈ ಕಥಾಸಂಕಲನ 2016ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ತಾವು ಗೇ ಎಂಬುದನ್ನು ಲೇಖಕರು ಸ್ವತಃ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಇಂದಿನ ಬಳಕೆ

ಇಂದಿನ ಇಂಗ್ಲಿಷಿನಲ್ಲಿ 'ಗೇ' ಪದವನ್ನು ಮುಖ್ಯವಾಗಿ ಪುರುಷರಿಗೆ ಬಳಸಲಾಗುತ್ತದೆ. ಹೆಂಗಸರೂ ತಮ್ಮನ್ನು ಹೀಗೆ ಕರೆದುಕೊಳ್ಳುವುದುಂಟು. ಹೆಂಗಸರಿಗೆ ವಿಶೇಷವಾಗಿ ಇರುವ 'ಲೆಸ್ಬಿಯನ್' ಎಂಬ ಪದ, ಪ್ರಾಚೀನ ಗ್ರೀಕ್ ಕವಯಿತ್ರಿ ಸ್ಯಾಫೊ ಬಾಳಿದ ಲೆಸ್ಬಾಸ್ ದ್ವೀಪದ ಹೆಸರಿನಿಂದ ಬಂದಿದೆ. ಲಿಂಗತ್ವ ಅಲ್ಪಸಂಖ್ಯಾತರಾದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು 'ಗೇ' ಎಂದು ಕರೆಯುವುದು ತಪ್ಪು. ಒಬ್ಬ ವ್ಯಕ್ತಿ ಯಾರನ್ನು ಪ್ರೀತಿಸುತ್ತಾನೆ ಎಂಬುದು ಒಂದು ವಿಷಯ, ತನ್ನನ್ನು ಗಂಡು ಅಥವಾ ಹೆಣ್ಣು ಎಂದು ಹೇಗೆ ಗುರುತಿಸಿಕೊಳ್ಳುತ್ತಾನೆ ಎಂಬುದು ಇನ್ನೊಂದು.

ಪದವನ್ನು ನಾಮಪದವಾಗಿ ಬಳಸಿ ಜನರನ್ನು ಒಟ್ಟಾಗಿ ಹೆಸರಿಸುವುದಕ್ಕಿಂತ ವಿಶೇಷಣವಾಗಿ, ಅಂದರೆ 'ಗೇ ವ್ಯಕ್ತಿ', 'ಗೇ ಪುರುಷ' ಎಂದು ಬಳಸುವುದು ಉಚಿತವೆಂದು ಇಂಗ್ಲಿಷ್ ಬರವಣಿಗೆಯ ಕೈಪಿಡಿಗಳು ಸೂಚಿಸುತ್ತವೆ. ಒಬ್ಬರು ತಮ್ಮನ್ನು ಯಾವ ಪದದಿಂದ ಕರೆದುಕೊಳ್ಳುತ್ತಾರೋ ಅದನ್ನೇ ಬಳಸುವುದು ಸಾಮಾನ್ಯವಾಗಿ ಒಪ್ಪಿತವಾದ ನಿಯಮ.

ಹಳೆಯ ಇಂಗ್ಲಿಷ್ ಕೃತಿಗಳನ್ನು ಓದುವ ವಿದ್ಯಾರ್ಥಿಗಳು ರಚನೆಯ ಕಾಲವನ್ನು ಗಮನಿಸಬೇಕಾಗುತ್ತದೆ. 20ನೆಯ ಶತಮಾನಕ್ಕಿಂತ ಮೊದಲಿನ ಕಾವ್ಯದಲ್ಲಿ ಈ ಪದ ಬಂದರೆ ಉಲ್ಲಾಸ ಅಥವಾ ಬಣ್ಣದ ಮೆರುಗು ಎಂದೇ ಸಾಮಾನ್ಯವಾಗಿ ತಿಳಿಯಬೇಕು. ವಿಕ್ಟೋರಿಯಾ ರಾಣಿಯ ಕಾಲದ ಗದ್ಯದಲ್ಲಿ, ವಿಶೇಷವಾಗಿ ಹೆಂಗಸಿಗೆ ಅನ್ವಯಿಸಿ ಬಂದಾಗ, ಹೀನಾರ್ಥ ಇರಬಹುದು. 1920ರಿಂದ 1960ರವರೆಗಿನ ಬರವಣಿಗೆಯಲ್ಲಿ ಹಳೆಯ ಮತ್ತು ಹೊಸ ಅರ್ಥಗಳೆರಡೂ ಸಾಧ್ಯ. 1970ರ ನಂತರದ ಬರವಣಿಗೆಯಲ್ಲಿ ಹೊಸ ಅರ್ಥವನ್ನೇ ಮೊದಲು ಪರಿಗಣಿಸಬೇಕು.